ನಾರ್ಸಾಕ್‌ನವರು ಬೇಡ ಅಂದದ್ದು ಸುಮ್ಮನೆ ಅಲ್ಲ

ಗ್ರೀನ್‌ಲ್ಯಾಂಡಿನವರು ಕಾಲಡಿಯ ಖನಿಜ ನಿಧಿಯನ್ನು ಅಗೆಯದೆ ಬಿಟ್ಟು ಕೂತಿದ್ದಾರೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಈ ಮಾತು ಒಪ್ಪೋಕೆ ಆಗಲಿಲ್ಲ ಸರ್. ದಕ್ಷಿಣ ಗ್ರೀನ್‌ಲ್ಯಾಂಡಿನ ನಾರ್ಸಾಕ್ ಊರಿನ ಬಳಿಯ ಕ್ವಾನೆಫ್ಯೆಲ್ಡ್ ಬೆಟ್ಟದ ಮುಖ್ಯ ಅದಿರು ಸ್ಟೀನ್‌ಸ್ಟ್ರುಪೀನ್ ಅನ್ನುವ ಖನಿಜ. ಒಂದೇ ಹರಳಿನೊಳಗೆ ವಿರಳ ಭೂಧಾತುಗಳ (ಮೋಟಾರು, ಎಲೆಕ್ಟ್ರಾನಿಕ್ ಸಾಮಾನುಗಳಿಗೆ ಬೇಕಾದ ಲೋಹಗಳು) ಜೊತೆ ವಿಕಿರಣ ಸೂಸುವ ಯುರೇನಿಯಂ, ಥೋರಿಯಂ ಕೂಡ ಸೇರಿಕೊಂಡಿವೆ. ಬೇಕಾದ್ದನ್ನು ತೆಗೆದು ಬೇಡದ್ದನ್ನು ಬೆಟ್ಟದಲ್ಲೇ ಬಿಟ್ಟು ಬರೋಕೆ ಆಗಲ್ಲ. ಅಲ್ಲಿ ಗಣಿ ತೆರೆದರೆ ಉಳಿಯುವ ತ್ಯಾಜ್ಯವನ್ನು ಊರಿನ ಮೇಲ್ಗಡೆಯ ತಾಸೆಕ್ ಸರೋವರಕ್ಕೆ ತುಂಬುವ ಯೋಜನೆ ಇತ್ತು. ಕೆಳಗೆ ನಾರ್ಸಾಕ್, ಮೀನು ಹಿಡಿಯುವವರು, ಕುರಿ ಸಾಕುವವರು. 2021ರ ಏಪ್ರಿಲ್ ಚುನಾವಣೆ ನಡೆದದ್ದೇ ಬಹುಮಟ್ಟಿಗೆ ಈ ಗಣಿಯ ಮೇಲೆ. ಅದೇ ನವೆಂಬರಿನಲ್ಲಿ ಸಂಸತ್ತು ಕಾನೂನು ತಂದಿತು: ಹತ್ತು ಲಕ್ಷ ಭಾಗದಲ್ಲಿ 100ಕ್ಕಿಂತ ಹೆಚ್ಚು ಯುರೇನಿಯಂ ಇರುವ ಅದಿರು ಅಗೆಯುವಂತಿಲ್ಲ.

ಇಷ್ಟಕ್ಕೂ ಅಲ್ಲಿ ಸಂಶೋಧನೆ ಏನೂ ಕಡಿಮೆ ನಡೆದಿಲ್ಲ. ಪರಮಾಣು ವಿಜ್ಞಾನಿ ನೀಲ್ಸ್ ಬೋರ್ 1957ರಲ್ಲೇ ಅಲ್ಲಿಗೆ ಹೋಗಿದ್ದರು. ಆ ಬೆಟ್ಟ ಸೇರಿರುವ ಇಲಿಮೌಸಾಕ್ ಶಿಲಾಸಮೂಹದಲ್ಲಿ ಟುಗ್ಟುಪೈಟ್ ಅನ್ನುವ ಗುಲಾಬಿ ಕಲ್ಲಿದೆ. ಕತ್ತಲಲ್ಲಿಟ್ಟರೆ ಬಣ್ಣ ಮಾಸುತ್ತದೆ, ಬಿಸಿಲಿಗೆ ಹಿಡಿದರೆ ಮತ್ತೆ ಕೆಂಪೇರುತ್ತದೆ. ಭೂವಿಜ್ಞಾನ ಓದಿದ ನನಗೆ ಆ ಬೆಟ್ಟ ಅಂದರೆ ಮೊದಲು ನೆನಪಾಗುವುದು ಈ ಕಲ್ಲೇ. ಮುಂದಿನ ಬರಹದಲ್ಲಿ ಆ ಊರಿನವರ ಮಾತಿಗೂ ದಯವಿಟ್ಟು ಜಾಗ ಕೊಡಿ.