ಅಂಬಾರಿ ಫೋಟೋ ಬೇಕಾದಷ್ಟಿದೆ, ತಾಲೀಮಿನ ಫೋಟೋ ತೆಗೆಯಿರಿ

ಮೈಸೂರಲ್ಲಿ ಕ್ಯಾಮೆರಾ ಹಿಡಿದು ಓಡಾಡುವ ಎಲ್ಲರಿಗೂ ಈ ಮಾತು. ದಸರಾ ಅಂದರೆ ಜಂಬೂ ಸವಾರಿಯ ಆ ಒಂದು ಮಧ್ಯಾಹ್ನ ಅಂದುಕೊಂಡು, ಪಾಸಿಗೆ ಒದ್ದಾಡಿ, ಎಲ್ಲರೂ ಒಂದೇ ಕಡೆ ನಿಂತು, ಒಂದೇ ಫೋಟೋ ತೆಗೆದು ಹೋಗುತ್ತೇವೆ. ಅದಕ್ಕೂ ಮುಂಚಿನ ವಾರಗಳಲ್ಲಿ ಬೆಳಗ್ಗೆ ಬೇಗ ಎದ್ದು ಸಯ್ಯಾಜಿರಾವ್ ರಸ್ತೆಗೆ ಬನ್ನಿ.

ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಆನೆಗಳು ಅರಮನೆ ಸೇರಿದ ಮೇಲೆ ತಾಲೀಮು ಶುರು. ಬನ್ನಿಮಂಟಪದ ತನಕ ಸುಮಾರು 5 ಕಿಲೋಮೀಟರ್. ಮೊದಲು ಬರೀ ನಡಿಗೆ, ಆಮೇಲೆ ಬೆನ್ನ ಮೇಲೆ ಮರಳಿನ ಮೂಟೆ, ಕೊನೆಗೆ ಮರದ ಅಂಬಾರಿ. 750 ಕಿಲೋ ತೂಕದ ಚಿನ್ನದ ಅಂಬಾರಿ ಹೊರುವುದು ಒಂದೇ ದಿನಕ್ಕೆ ಬರುವ ವಿದ್ಯೆಯಲ್ಲ. ಕುಶಾಲತೋಪಿನ ಸದ್ದಿಗೆ ಬೆಚ್ಚಬಾರದು ಅಂತ ಫಿರಂಗಿ ಹಾರಿಸಿಯೂ ಅಭ್ಯಾಸ ಮಾಡಿಸುತ್ತಾರೆ. ಆಗ ಆನೆ ಬೆದರಿದರೆ ಮಾವುತ ಅದಕ್ಕೆ ಏನೋ ಹೇಳುತ್ತಾ ಕಿವಿಯ ಹಿಂದೆ ಕಾಲಿಟ್ಟು ಸಮಾಧಾನ ಮಾಡುತ್ತಾನಲ್ಲ, ನನಗೆ ದಸರಾ ಅಂದರೆ ಅದು.

8 ಸಲ ಅಂಬಾರಿ ಹೊತ್ತ ಆನೆ ಅರ್ಜುನ 2023ರ ಡಿಸೆಂಬರ್‌ನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಾಗ ನಾನು ಇಲ್ಲಿ ನೋಡಿದ ಫೋಟೋಗಳಲ್ಲಿ ಹೆಚ್ಚಿನವು ಅಲಂಕಾರ ಮಾಡಿದ ಅರ್ಜುನನವು. ಬಣ್ಣವಿಲ್ಲದೆ, ಮೈಗೆ ಧೂಳು ಮೆತ್ತಿಕೊಂಡು, ಮಾವುತನ ಜೊತೆ ಸುಮ್ನೆ ನಿಂತ ಅರ್ಜುನನನ್ನು ಹುಡುಕಿದೆ. ಸಿಕ್ಕಿದ್ದು ಬಹಳ ಕಡಿಮೆ. ಬೇಜಾರಾಯಿತು.

ದೇವರಾಜ ಮಾರುಕಟ್ಟೆಯದ್ದೂ ಇದೇ ಕಥೆ. ಕುಂಕುಮ, ಬಣ್ಣದ ಪುಡಿಗಳ ಗುಡ್ಡೆ ಎಲ್ಲರ ಹತ್ತಿರವೂ ಇದೆ. ಆದರೆ ಮಲ್ಲಿಗೆಯನ್ನು ತೋಳಿಗೆ ಸುತ್ತಿ ಮಾರು ಹಾಕುವ ಕೈ, ವೀಳ್ಯದೆಲೆ ಕಟ್ಟಿನ ಮೇಲೆ ನೀರು ಚಿಮುಕಿಸುವ ಅಜ್ಜ, ಮಧ್ಯಾಹ್ನ ಗಿರಾಕಿ ಇಲ್ಲದಾಗ ಗೋಣಿಚೀಲದ ಮೇಲೆ ಕೂತು ಊಟ ಮಾಡುವವರು, ಕೈಯಲ್ಲಿ ಬರೆದ ಅಂಗಡಿ ಬೋರ್ಡು, ಇವೆಲ್ಲ ಎಲ್ಲಿ? 2012ರಲ್ಲಿ ಮಾರುಕಟ್ಟೆ ಹತ್ತಿರದ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರಲ್ಲಿ ಮಾರುಕಟ್ಟೆಯ ಒಂದು ಭಾಗವೇ ಬಿತ್ತು. ಕೆಡವಬೇಕೋ ಉಳಿಸಬೇಕೋ ಅನ್ನುವ ಜಗಳ ಕೋರ್ಟಿನವರೆಗೂ ಹೋಯಿತು. ಕಟ್ಟಡದ ನಕ್ಷೆ ಯಾವುದಾದರೂ ಕಡತದಲ್ಲಿ ಸಿಕ್ಕೀತು, ಒಳಗಿನ ಬದುಕು ಹೇಗಿತ್ತು ಅನ್ನುವುದು ನಾವು ತೆಗೆದರೆ ಮಾತ್ರ ಉಳಿಯುತ್ತದೆ.

ನಮ್ಮ ಮೈಸೂರಿನವರೇ ಆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಇದನ್ನು ಎಷ್ಟು ಚೆನ್ನಾಗಿ ಮಾಡಿದ್ದರು! 1977ರಲ್ಲಿ ಪದ್ಮಶ್ರೀ ಪಡೆದವರು, ಯುನಿಸೆಫ್‌ಗೂ ಕೆಲಸ ಮಾಡಿದವರು. ಅಷ್ಟಾದರೂ ಅವರ ಚಿತ್ರಗಳಲ್ಲಿ ಕಾಣುವುದು ಆಟ ಆಡುವ ಮಕ್ಕಳು, ದುಡಿಯುವ ಜನ, ನಮ್ಮ ನಿಮ್ಮಂಥವರು. ಯಾರನ್ನೂ ಸಣ್ಣವರನ್ನಾಗಿ ತೋರಿಸುವುದಿಲ್ಲ.

ಇದನ್ನು ಹೇಳಲು ಕಾರಣ ಇದೆ. ಅರಮನೆ ಆವರಣದಲ್ಲಿ ಮಾವುತರು, ಅವರಿಗೆ ನೆರವಾಗುವ ಕಾವಾಡಿಗಳು ಸಂಸಾರ ಸಮೇತ ಶೆಡ್‌ಗಳಲ್ಲಿ ಇರುತ್ತಾರೆ. ಅಡುಗೆ, ಸ್ನಾನ, ಮಕ್ಕಳ ಪಾಠ ಎಲ್ಲ ಅಲ್ಲೇ. ಅದು ಅವರ ಮನೆ. ಕೇಳದೆ ಉದ್ದ ಲೆನ್ಸ್ ತೂರಿಸುವುದು ನನಗೆ ತೀರಾ ಕೆಟ್ಟದ್ದು ಅನ್ನಿಸುತ್ತದೆ. 'ಅಣ್ಣಾ, ಒಂದು ಫೋಟೋ ತೆಗೀಲಾ?' ಅಂತ ಕೇಳೋಕೆ ಎಷ್ಟು ಹೊತ್ತು ಬೇಕು? ಬೇಡ ಅಂದರೆ ಕ್ಯಾಮೆರಾ ಕೆಳಗಿಡಿ. ಹೂಂ ಅಂದರೆ ಆಮೇಲೆ ಒಂದು ಪ್ರಿಂಟ್ ಹಾಕಿಸಿ ತಂದುಕೊಡಿ, ವಾಟ್ಸಾಪ್‌ನಲ್ಲಿ ಕಳಿಸಿದ್ದಕ್ಕಿಂತ ಜಾಸ್ತಿ ಖುಷಿಪಡುತ್ತಾರೆ.

ಮತ್ತೆ, ದಯವಿಟ್ಟು ಫೋಟೋ ಜೊತೆ ತಾರೀಖು ಮತ್ತು ಜಾಗ ಬರೆಯಿರಿ. 'ನಮ್ಮ ಮೈಸೂರು' ಅಂತ ಒಂದು ಹಾರ್ಟ್ ಹಾಕಿ ಬಿಟ್ಟರೆ ಇಪ್ಪತ್ತು ವರ್ಷ ಆದಮೇಲೆ ಅದು ಯಾವ ರಸ್ತೆ, ಯಾವ ಅಂಗಡಿ ಅಂತ ಯಾರಿಗೆ ಗೊತ್ತಾಗಬೇಕು?

ಲ್ಯಾನ್ಸ್‌ಡೌನ್ ಕಟ್ಟಡದ ಹಳೇ ಪುಸ್ತಕದಂಗಡಿಗಳ ಒಳಗಿನ ಫೋಟೋ ಯಾರ ಹತ್ತಿರವಾದರೂ ಇದ್ದರೆ, ಮಸುಕಾಗಿದ್ದರೂ ಪರವಾಗಿಲ್ಲ, ಕೆಳಗೆ ಹಾಕಿ. ಯಾವ ವರ್ಷದ್ದು ಅಂತಲೂ ಬರೆಯಿರಿ.