10 ಜನರಲ್ಲಿ ಒಬ್ಬರಿಗೆ ಮೂರ್ಛೆರೋಗವೇ? ಇಲ್ಲ

‘ಪ್ರತಿ 10 ಜನರಲ್ಲಿ ಒಬ್ಬರಿಗೆ ಮೂರ್ಛೆರೋಗವಿದೆ, ಬಡ ದೇಶಗಳ ಜನಾಂಗಗಳಲ್ಲೇ ಜಾಸ್ತಿ’ ಎಂಬ ಸಂದೇಶ ಓಡಾಡುತ್ತಿದೆ. ಎರಡೂ ತಪ್ಪು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಬೇರೆ: ಜೀವನದಲ್ಲಿ ಒಮ್ಮೆಯಾದರೂ ಫಿಟ್ಸ್ ಬರುವವರು ಶೇ. 10ರವರೆಗೆ ಇರಬಹುದು. ಒಂದು ಸಲ ಬಂದ ಮಾತ್ರಕ್ಕೆ ಅದು ಮೂರ್ಛೆರೋಗವಲ್ಲ; ಮೂರ್ಛೆರೋಗವೆಂದರೆ ಫಿಟ್ಸ್ ಮತ್ತೆ ಮತ್ತೆ ಬರುವ ಮಿದುಳಿನ ಕಾಯಿಲೆ. ಮಗುವಿಗೆ ಜ್ವರ ಏರಿದಾಗ, ರಕ್ತದ ಸಕ್ಕರೆ ತೀರಾ ಇಳಿದಾಗಲೂ ಫಿಟ್ಸ್ ಬರುತ್ತದೆ. ಮೂರ್ಛೆರೋಗ ಇರುವವರು 1,000ಕ್ಕೆ 4ರಿಂದ 10 ಜನ. ಜಗತ್ತಿನಲ್ಲಿ ಸುಮಾರು 5 ಕೋಟಿ. ಇದೇನು ಸಣ್ಣ ಸಂಖ್ಯೆಯೇ? ಸುಮ್ನೆ ಉಬ್ಬಿಸುವುದು ಯಾಕೆ?

ಇವರಲ್ಲಿ ಶೇ. 80ರಷ್ಟು ಜನ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು, ನಿಜ. ಜಗತ್ತಿನ ಹೆಚ್ಚಿನ ಜನ ಇರುವುದೂ ಅಲ್ಲೇ ಅಲ್ವಾ? ಅಲ್ಲಿ ಹೊಸ ರೋಗಿಗಳು ಜಾಸ್ತಿಯಾಗಲು ಜನಾಂಗ ಕಾರಣವಲ್ಲ. ಹೆರಿಗೆ ವೇಳೆಯ ಪೆಟ್ಟು, ಮಲೇರಿಯಾ, ಮಿದುಳಿಗೆ ಸೇರುವ ಲಾಡಿಹುಳುವಿನ ಮರಿ, ರಸ್ತೆ ಅಪಘಾತ ಇಂಥವು ಕಾರಣ.