ಏಳು ಯೂನಿಟ್ಟಿನ ಸಿಟ್ಟು

ಬೆಳಿಗ್ಗೆ ಮೀಟರ್ ರೀಡರ್ ಬಂದು, ಮೆಷಿನ್ನಿಂದ ಕರ್ರ್ ಅಂತ ಬಿಲ್ಲು ಹರಿದು ಗೇಟಿಗೆ ಸಿಕ್ಕಿಸಿ ಹೋದ. 207 ಯೂನಿಟ್! ಗೃಹಜ್ಯೋತಿ ಮನೆಯವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. 200 ದಾಟಿತೋ, ಮೇಲಿನ ಏಳಕ್ಕಲ್ಲ, ಪೂರ್ತಿ 207ಕ್ಕೂ ದುಡ್ಡು ಕಟ್ಟಬೇಕು.

ಅದೂ ಯಾವ ತಿಂಗಳು? ಕರೆಂಟು ಉಳಿಸಲೆಂದೇ 799 ರೂಪಾಯಿ ಕೊಟ್ಟು ನಾನು ಡಬ್ಬಿ ತರಿಸಿದ ತಿಂಗಳು. ಸೋಪಿನ ಡಬ್ಬಿಯಷ್ಟಿದೆ. ಸಾಕೆಟ್ಟಿಗೆ ಚುಚ್ಚಿದರೆ ಹಸಿರು ದೀಪ ಹತ್ತುತ್ತದೆ, ಬಿಲ್ಲು ಶೇ. 40 ಇಳಿಯುತ್ತದಂತೆ. ಹಾಲ್‌ನಲ್ಲಿ ಡಬ್ಬಿ ಚುಚ್ಚಿದರೆ ಬಚ್ಚಲಿನ ಗೀಸರ್ ಹೆದರಿಕೊಂಡು ಕಡಿಮೆ ಕರೆಂಟು ಕುಡಿಯುತ್ತದೆ ಅಂತ ನಂಬಿದವನು ಡಿಗ್ರಿ ಓದಿದ ನಾನು.

ಅಮ್ಮ ನಂಬಲಿಲ್ಲ. ಅಮ್ಮನಿಗೆ ಸ್ವಿಚ್ ಆರಿಸುವುದು ಒಂದು ವ್ರತ. ನಾನು ನೀರು ಕುಡಿದು ಬರುವಷ್ಟರಲ್ಲಿ ರೂಮಿನ ಫ್ಯಾನು ನಿಂತಿರುತ್ತದೆ. ಒಮ್ಮೆ ತಲೆ ತುಂಬ ಶಾಂಪೂ ಇರುವಾಗ ಬಚ್ಚಲ ಲೈಟು ಹೋಯಿತು.

"ಅಮ್ಮಾ, ಒಳಗಿದೀನಿ!"

"ಗೊತ್ತು ಕಣೋ. ಸ್ನಾನಕ್ಕೆ ಬೆಳಕು ಯಾಕೆ? ನಿನ್ನ ತಲೆ ಎಲ್ಲಿದೆ ಅಂತ ನಿಂಗೆ ಗೊತ್ತಿಲ್ವಾ?"

ಇಂಥ ಮನೆಗೆ ಡಬ್ಬಿ ಬಂತು. ಮೊದಲ ಬೆಳಿಗ್ಗೆ ನೋಡಿದರೆ ಅದರ ಸ್ವಿಚ್ ಆಫ್. ಹಾಕಿದೆ. ಮಾರನೇ ಬೆಳಿಗ್ಗೆ ಮತ್ತೆ ಆಫ್.

"ರಾತ್ರಿಯೆಲ್ಲ ದೀಪ ಉರೀತಿರುತ್ತಲ್ಲೋ, ಯಾರು ನೋಡೋಕೆ?"

"ಅಮ್ಮಾ, ಅದು ಕರೆಂಟು ಉಳಿಸೋ ಮೆಷಿನ್ನು."

"ನಾನೂ ಉಳಿಸ್ತೀನಪ್ಪ. ನಂಗೇನು ಪ್ಲಗ್ ಬೇಕಾ?"

ಸ್ವಿಚ್ಚಿಗೆ ಟೇಪು ಅಂಟಿಸಿ 'ಆರಿಸಬೇಡಿ' ಅಂತ ಬರೆದೆ. ಮರುದಿನ ಟೇಪು ಹಾಗೇ ಇತ್ತು, ಸ್ವಿಚ್ಚೂ ಆನ್ ಇತ್ತು. ಡಬ್ಬಿ ಮಾತ್ರ ಅಡುಗೆಮನೆಯಲ್ಲಿ ಉಪ್ಪಿನ ಭರಣಿಯ ಪಕ್ಕ ಕೂತಿತ್ತು.

ಇವತ್ತು ಬಿಲ್ಲು ಕಂಡ ಮೇಲೆ ತಡೆಯಲಾಗಲಿಲ್ಲ. ಸ್ಕ್ರೂಡ್ರೈವರ್ ಹಾಕಿ ಬಿಚ್ಚಿದೆ. ಒಂದು ಕೆಪಾಸಿಟರ್, ಎರಡು ಮೂರು ರೆಸಿಸ್ಟರ್, ಒಂದು ಎಲ್‌ಇಡಿ. ಮಿಕ್ಕಿದ್ದೆಲ್ಲ ಗಾಳಿ. ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ನೋಡಿ ನಕ್ಕ. "ಫ್ಯಾಕ್ಟರಿಯವರು ಪವರ್ ಫ್ಯಾಕ್ಟರ್, ಅಂದ್ರೆ ಎಳೆದ ಕರೆಂಟಲ್ಲಿ ಕೆಲಸಕ್ಕೆ ಬರೋ ಪಾಲು, ಸರಿ ಇಲ್ಲ ಅಂದ್ರೆ ದಂಡ ಕಟ್ಬೇಕು ಸಾರ್, ಅವ್ರು ದೊಡ್ಡ ಕೆಪಾಸಿಟರ್ ಹಾಕಿಸ್ತಾರೆ. ಮನೆ ಮೀಟರ್ ಯೂನಿಟ್ ಅಷ್ಟೇ ಎಣಿಸೋದು. ನಿಮ್ ಗೀಸರ್ 2000 ವ್ಯಾಟ್. ಒಂದು ಗಂಟೆ ಕಾದ್ರೆ 2 ಯೂನಿಟ್. ಇದು ಅದಕ್ಕೇನು ಮಾಡುತ್ತೆ?" ಏನೂ ಮಾಡಿರಲಿಲ್ಲ. ಡಬ್ಬಿ ಇದೆಯಲ್ಲ ಅಂತ ನಾನೇ ಈ ತಿಂಗಳು ಬಿಸಿನೀರಲ್ಲಿ ಜಾಸ್ತಿ ಹೊತ್ತು ಮಿಂದಿದ್ದೆ.

ಡಬ್ಬಿಗೆ ಐದು ಸ್ಟಾರ್ ಇತ್ತು ಅಂತ ಬೇರೆ ಹಿಗ್ಗಿದ್ದೆ. ಫ್ರಿಜ್ಜಿನ ಮೇಲಿನ ಸರ್ಕಾರಿ ಬಿಇಇ ಲೇಬಲ್ಲಿನಲ್ಲಿ ಸ್ಟಾರ್ ಜೊತೆ ವರ್ಷಕ್ಕೆ ಎಷ್ಟು ಯೂನಿಟ್ ಅನ್ನುವ ಲೆಕ್ಕವೂ ಇರುತ್ತದೆ. ನನ್ನ ಡಬ್ಬಿಯ ಐದು ಸ್ಟಾರ್ ಯಾರೋ ರಿವ್ಯೂನಲ್ಲಿ ಒತ್ತಿದ್ದು.

ಅಮ್ಮ ಚಿಕ್ಕವಳಿದ್ದಾಗ ಅವರ ಮನೆಗೆಲ್ಲ ಇದ್ದದ್ದು ಒಂದೇ ಲಾಟೀನು. ಕೊನೆಗೆ ಊಟ ಮಾಡಿ ಏಳುವವರು ಬತ್ತಿ ಇಳಿಸಿ ಏಳಬೇಕಿತ್ತು. ಯಾವಾಗಲೂ ಕೊನೆಗೆ ಏಳುತ್ತಿದ್ದದ್ದು ಅಮ್ಮನ ಅಮ್ಮ. ಆ ಮಬ್ಬಿನಲ್ಲೇ ಪಾತ್ರೆ ತೊಳೆಯುತ್ತಿದ್ದಳಂತೆ. ಇದನ್ನು ಹೇಳುತ್ತಲೇ ಅಮ್ಮ ಹಾಲ್‌ನ ಲೈಟು ಆರಿಸಿ ಹೋದಳು. ನಾನು ಅಲ್ಲೇ ಕೂತಿದ್ದೆ.

ಖಾಲಿ ಡಬ್ಬಿ ಈಗ ಅವಳ ಹತ್ತಿರ ಇದೆ, ಪಿನ್ನು ಗುಂಡಿ ಹಾಕಿಡೋಕೆ. ಎಷ್ಟು ಕೊಟ್ಟೆ ಅಂತ ಕೇಳಿದಳು. 99 ಅಂದೆ. ಅದಕ್ಕೇ ಅರ್ಧ ಗಂಟೆ ಬೈಸಿಕೊಂಡಿದ್ದೇನೆ.